ಚಾಕುವಿನ ಸದ್ದು ಬದಲಾಗುವ ತನಕ

ಸಿಡಿಲ ದೇವರ ಬಳ್ಳಿ ಎನ್ನುತ್ತಾರೆ ಅದನ್ನು.
ಹುನಾನ್ ಗುಡ್ಡದ ಮಂದಿಗೆ ಇನ್ನೊಂದು ಹೆಸರು ಗೊತ್ತು,
ದನಿ ತಗ್ಗಿಸಿ ಹೇಳುತ್ತಾರೆ: ಕರುಳು ಕಡಿವ ಸೊಪ್ಪು.
ಅದರ ಹೂವಿಗೆ ಎರಗಿದ ಜೇನು ಸಾಯುವುದಿಲ್ಲ,
ಆ ತುಪ್ಪ ನೆಕ್ಕಿದವನು
ಮಲಗಿದವನು ಏಳುವುದಿಲ್ಲ.
ಅದೇ ಬಳ್ಳಿಯ ಬೇರು
ಗಂಟುಕಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತದೆ.

ಛಾಂಗ್ಷಾ ನಗರದ ಆರನೇ ಮಹಡಿಯಲ್ಲಿ
ತಾಂಗ್ ರುಯಿಲಾನ್ ಬಿಳಿ ಪುಡಿ ತೂಗುತ್ತಿದ್ದಾಳೆ.
ಒಂದು ಗುಲಗಂಜಿಯನ್ನು ಸಾವಿರ ಚೂರು ಮಾಡಿ
ಅದರಲ್ಲೊಂದನ್ನು ಮತ್ತೆ ಹತ್ತಾಗಿ ಸೀಳಿದರೆ
ಎಷ್ಟೋ, ಅಷ್ಟು.
ತಕ್ಕಡಿಗೊಂದು ಗಾಜಿನ ಮನೆ. ಬಾಗಿಲು ಮುಚ್ಚಿ
ಉಸಿರು ಬಿಗಿಹಿಡಿದು ಕಾಯಬೇಕು,
ಉಸಿರಿಗೂ ಇಲ್ಲಿ ತೂಕವುಂಟು.
ಕೊನೆಯ ಅಂಕಿ ನಿಲ್ಲಲೊಲ್ಲದೆ ನಡುಗುತ್ತದೆ:
ಮೂರು, ನಾಲ್ಕು, ಮೂರು.

ಟ್ರಿಪ್ಟೊಲೈಡ್.
ಬರೆದರೆ ಉಂಗುರಕ್ಕೆ ಉಂಗುರ ಕೊಕ್ಕೆ ಹಾಕಿದ ಚಿತ್ರ,
ಮೈಮೇಲೆ ಮೂರು ಪುಟ್ಟ ತ್ರಿಕೋನ,
ಮುಟ್ಟಿದ್ದನ್ನು ಕಚ್ಚಿದರೆ ಬಿಡದ ಮೂರು ಹಲ್ಲು.

ಇಲಿಗಳ ಪಾದ ಊದಿದೆ.
ಊದಿಸಿದ್ದು ಇವಳೇ, ಸೂಜಿ ಚುಚ್ಚಿ, ತಿಂಗಳ ಹಿಂದೆ.
ನೋವಿಲ್ಲದೆ ಮದ್ದಿಗೆ ಕೆಲಸವೇನು?
ಎರಡು ವಾರಕ್ಕೆ ಇಪ್ಪತ್ತೇಳನೆಯದರ ಕಾಲು ಇಳಿಯಿತು,
ತೆಳ್ಳಗೆ, ಗುಲಾಬಿ, ಹುಟ್ಟಿದಾಗಿನ ಹಾಗೆ.
ಹದಿನಾರನೆಯ ಬೆಳಗ್ಗೆ ಮರಿಯಾನೆಯ ಬಣ್ಣದ ಯಕೃತ್ತು
ಉಕ್ಕಿನ ತಟ್ಟೆಯಲ್ಲಿತ್ತು.

ಪರದೆಯ ಮೇಲೆ ಎರಡು ಗೆರೆ,
ಒಂದು ವಾಸಿಯದು, ಇನ್ನೊಂದು ಅದರ ನೆರಳಿನಂಥದು.
ನಡುವಿನ ಸಂದಿನಲ್ಲಿ ದಾರ ಹಾಯಬಹುದು, ಸೂಜಿ ಕಷ್ಟ.
ಪ್ರೊಫೆಸರ್ ಯಾನ್ ಕನ್ನಡಕ ಒರೆಸಿಕೊಂಡು ಅಂದರು:
"ಅಲ್ಲೇ ಮನೆ ಕಟ್ಟಬೇಕು ನಾವು."

ಬೇರು ತರಲು ಪಿಂಗ್‌ಜಿಯಾಂಗ್‌ಗೆ ಹೋದಾಗ
ಪಾನ್ ದೆಚ್ಯೂ ಕೊಟ್ಟಿಗೆಯಲ್ಲಿ ಕೂತು ಕೆತ್ತುತ್ತಿದ್ದ.
ಉಗುರೆಲ್ಲ ಕಿತ್ತಳೆ. ಮೂಗಿಗೆ ಒದ್ದೆ ಬಟ್ಟೆ.
ಮೇಲಿನ ಸಿಪ್ಪೆ ತೆಗೆದ, ಒಳಸಿಪ್ಪೆಯನ್ನೂ ತೆಗೆದ,
ತೆಗೆದದ್ದನ್ನು ಹಂದಿ ಕೋಳಿ ಮೂಸದಂತೆ ಹೂತ.
"ಎಷ್ಟು ಆಳಕ್ಕೆ ಕೆತ್ತಬೇಕು?" ಕೇಳಿದಳು,
ಕೈಯಲ್ಲಿ ಅಳತೆಪಟ್ಟಿ.
"ಪಸೆ ಇರೋ ತನಕ ಚಾಕು ಪಿಸುಗುಟ್ಟುತ್ತೆ.
ಕಟ್ಟಿಗೆ ಸಿಕ್ಕಾಗ ಕೆಮ್ಮುತ್ತೆ.
ಕೆಮ್ಮಿತೋ, ನಿಲ್ಲಿಸು."
ಅವನ ಅಪ್ಪನಿಗೆ ಕೊನೆಗಾಲದಲ್ಲಿ ಕಿವಿ ಮಂದವಾಗಿತ್ತಂತೆ.
ಆಮೇಲೆ ಅವರು ಕೆತ್ತಲಿಲ್ಲ,
ಬೇರು ತೊಳೆದು ಕೊಡುತ್ತಿದ್ದರು ಅಷ್ಟೆ.

ಆರನೇ ಮಹಡಿಯಲ್ಲಿ, ರಾತ್ರಿ, ಒಬ್ಬಳೇ
ರುಯಿಲಾನ್ ಬೇರಿಗೆ ಕಿವಿಗೊಟ್ಟು ಕೆತ್ತಿದಳು.
ಏಸಿಯ ಗುಂಯ್‌ಗುಡುವಿಕೆ ಪಿಸುಮಾತನ್ನೆಲ್ಲ ನುಂಗಿತು.
ಏಸಿ ಆರಿಸಿದಳು. ಫ್ರಿಜ್ಜು ಮಾತಾಡಿತು.
ಒಂದೂ ಮುಕ್ಕಾಲು ಮಿಲಿಮೀಟರು, ಎರಡೂವರೆ, ಮತ್ತೆ ಒಂದು.
ಬೇರಿಗೊಂದು ಅಂಕಿ, ಅಂಕಿಗೊಂದು ಬೇರು.
ಯಂತ್ರ ಒಂದರಲ್ಲಿ ಗುಡ್ಡದಷ್ಟು ವಿಷ ತೋರಿಸಿತು,
ಇನ್ನೊಂದರಲ್ಲಿ ಹುತ್ತದಷ್ಟು.
ಕೆಮ್ಮಿದ್ದು ಚಾಕುವೋ ತಾನೋ
ಅವಳಿಗೆ ಖಾತ್ರಿಯಿಲ್ಲ.

ಫೋನು ಮಾಡಿದಳು. ಆಗಲೇ ಎದ್ದಿದ್ದ ಪಾನ್.
ಎಲ್ಲ ಕೇಳಿಸಿಕೊಂಡ, ಗೆರೆ, ಸಂದು, ಯಕೃತ್ತು.
ಆಮೇಲೆ ಒಂದೇ ಪ್ರಶ್ನೆ:
"ಸಾಯೋ ಮುಂಚೆ ಅದರ ಕಾಲುನೋವು ಹೋಗಿತ್ತಾ?"

ಅದಕ್ಕೆ ಕೋಷ್ಟಕದಲ್ಲಿ ಕಲಂ ಇರಲಿಲ್ಲ.
ಊತ ಇತ್ತು, ತೂಕ ಇತ್ತು, ರಕ್ತ ಇತ್ತು.
ತಡಿ ಎಂದು ಹಳೆಯ ಕಡತ ತೆಗೆದಳು,
ಪಂಜರದ ಚಕ್ರಕ್ಕೆ ಕಟ್ಟಿದ ಎಣಿಕೆಯಂತ್ರದ್ದು,
ಯಾರೂ ಓದದ್ದು.
ಒಂದು ತಿಂಗಳು ಸೊನ್ನೆ, ಸೊನ್ನೆ, ಸೊನ್ನೆ.
ಹದಿನಾಲ್ಕನೇ ರಾತ್ರಿ ಒಂಬೈನೂರು.
ಹದಿನೈದನೇ ರಾತ್ರಿ ನಾಲ್ಕು ಸಾವಿರದ ನೂರಾ ಹನ್ನೆರಡು.

ಆ ಕಡೆ ಬಕೆಟ್ಟಿಗೆ ನೀರು ಬೀಳುವ ಸದ್ದು.
ನೀರು ನಿಲ್ಲಿಸಿ ಕೇಳಿದ:
"ಎಷ್ಟು ಸುತ್ತು ಅಂದೆ?"

ಮತ್ತೊಮ್ಮೆ ಹೇಳಿದಳು.